ಅಳತೆ ಹೇಗೋ ಕಾರು ಹಾಗೆ: ಬ್ರಿಟನ್ನಿನ ವಾಹನ ತೆರಿಗೆಯ ನೂರು ವರ್ಷ



ಊಟಕ್ಕೆ ಮುಂಚಿನ ಮಾತನ್ನು ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಕೈಗೆ ಕೊಟ್ಟಿರುವ ಸಂಘಟಕರ ಧೈರ್ಯ ದೊಡ್ಡದು. ಹವಾಮಾನದ ವಿಜ್ಞಾನವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಇದ್ದೀರಿ. ನನಗೆ ಗೊತ್ತಿರುವುದು ತೆರಿಗೆ. ಆದ್ದರಿಂದ ಕಾರುಗಳಿಂದ ಹೊರಬರುವ ಹಸಿರುಮನೆ ಅನಿಲವನ್ನು ತಗ್ಗಿಸಲು ನಾವಿರುವ ಈ ದೇಶ ಏನೇನು ಮಾಡಿತು, ಅದರಿಂದ ಏನಾಯಿತು ಎನ್ನುವ ಕಥೆಯನ್ನು ತೆರಿಗೆಯ ಕಡೆಯಿಂದ ಹೇಳುತ್ತೇನೆ. ನಿಮ್ಮಲ್ಲಿ ಬಹಳ ಜನ ಕಂಪನಿಯ ಮೂಲಕ ಎಲೆಕ್ಟ್ರಿಕ್ ಕಾರು ತೆಗೆದುಕೊಂಡಿದ್ದೀರಿ, ಇಲ್ಲವೇ ತೆಗೆದುಕೊಳ್ಳುವ ಯೋಚನೆಯಲ್ಲಿದ್ದೀರಿ. ಹಾಗಾಗಿ ಇದು ನಿಮ್ಮ ಪೇಸ್ಲಿಪ್ಪಿನ ಕಥೆಯೂ ಹೌದು.

ನಾನು ಹೇಳಬೇಕೆಂದಿರುವುದು ಇಷ್ಟೇ: ಸರ್ಕಾರ ಯಾವುದನ್ನು ಅಳೆದು ತೆರಿಗೆ ಹಾಕುತ್ತದೋ, ಜನ ಅದನ್ನು ಮಾತ್ರ ಕಡಿಮೆ ಮಾಡುತ್ತಾರೆ. ಅದರ ಹಿಂದಿನ ಉದ್ದೇಶವನ್ನಲ್ಲ.

ಸಿಲಿಂಡರಿನ ಅಗಲ

ಮೊದಲು ನೂರು ವರ್ಷ ಹಿಂದಕ್ಕೆ ಹೋಗೋಣ. 1921ರ ಜನವರಿಯಿಂದ ಬ್ರಿಟನ್ನಿನಲ್ಲಿ ಕಾರುಗಳಿಗೆ ಒಂದು ಹಾರ್ಸ್‌ಪವರ್‌ಗೆ ವರ್ಷಕ್ಕೆ ಒಂದು ಪೌಂಡಿನಂತೆ ತೆರಿಗೆ ಬಂತು. ಆದರೆ ಹಾರ್ಸ್‌ಪವರ್ ಅಂದರೆ ಎಂಜಿನ್ನಿನ ನಿಜವಾದ ಶಕ್ತಿ ಅಲ್ಲ. ಅದನ್ನು ಲೆಕ್ಕ ಹಾಕಲು ಒಂದು ಸೂತ್ರವಿತ್ತು: ಸಿಲಿಂಡರಿನ ವ್ಯಾಸವನ್ನು ಇಂಚಿನಲ್ಲಿ ಅಳೆದು, ಅದರ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಬೇಕು. ಪಿಸ್ಟನ್ ಎಷ್ಟು ದೂರ ಮೇಲೆ ಕೆಳಗೆ ಓಡುತ್ತದೆ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಎಂಜಿನಿಯರುಗಳು ದಡ್ಡರೇ? ಸಿಲಿಂಡರನ್ನು ಸಣ್ಣದು ಮಾಡಿ, ಪಿಸ್ಟನ್ನಿನ ಓಟವನ್ನು ಉದ್ದ ಮಾಡಿದರು. ಶಕ್ತಿ ಬಂತು, ತೆರಿಗೆ ಏರಲಿಲ್ಲ. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಕಾರಿನ ಹೆಸರೇ ಅದರ ತೆರಿಗೆಯ ದರ್ಜೆಯನ್ನು ಹೇಳುತ್ತಿತ್ತು. ದೊಡ್ಡ ಸಿಲಿಂಡರಿನ ಅಮೆರಿಕನ್ ವಿನ್ಯಾಸದ ಫೋರ್ಡ್ ಮಾಡೆಲ್ ಟಿಗೆ ವರ್ಷಕ್ಕೆ 20 ಪೌಂಡಿಗೂ ಮೇಲೆ ಕಟ್ಟಬೇಕಿತ್ತು. ಉದ್ದ ಓಟದ ಈ ಎಂಜಿನ್ನುಗಳು ಹೊರದೇಶಗಳ ವಿಶಾಲ ರಸ್ತೆಗಳಿಗೆ ಒಗ್ಗುವುದಿಲ್ಲ, ರಫ್ತಿಗೆ ಅಡ್ಡಿ ಎಂಬ ದೂರು ಬೆಳೆಯುತ್ತಾ ಹೋಯಿತು. ಕೊನೆಗೆ ಎರಡನೇ ಮಹಾಯುದ್ಧದ ನಂತರ ಆ ಸೂತ್ರವನ್ನು ಕೈಬಿಟ್ಟು, 1948ರಲ್ಲಿ ಹೊಸ ಕಾರುಗಳಿಗೆ ಎಂಜಿನ್ ನೋಡದೆ ವರ್ಷಕ್ಕೆ 10 ಪೌಂಡ್ ಎಂದು ಮಾಡಿದರು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಒಂದು ದೇಶದ ಎಂಜಿನ್ನುಗಳ ಆಕಾರವನ್ನು ತೀರ್ಮಾನಿಸಿದ್ದು ಒಂದು ತೆರಿಗೆ ಸೂತ್ರ.

ಆಫೀಸಿನ ಮೈಲಿ

ಎರಡನೆಯ ಅಳತೆ ನಮ್ಮ ವೃತ್ತಿಯವರಿಗೆ ಹೆಚ್ಚು ಪರಿಚಿತ. 1970ರ ದಶಕದಲ್ಲಿ ಹಣದುಬ್ಬರ ತಡೆಯಲು ಸರ್ಕಾರ ಸಂಬಳ ಏರಿಕೆಗೆ ಕಡಿವಾಣ ಹಾಕಿತ್ತು. ಸಂಬಳ ಏರಿಸಲಾಗದ ಕಂಪನಿಗಳು ನೌಕರರಿಗೆ ಕಾರು ಕೊಟ್ಟವು. ಕಂಪನಿ ಕಾರು ಎಂಬ ಬ್ರಿಟಿಷ್ ಪದ್ಧತಿ ಬೇರೂರಿದ್ದು ಹೀಗೆ. ಅದನ್ನು ಆದಾಯವೆಂದು ಪರಿಗಣಿಸಿ ತೆರಿಗೆ ಹಾಕುವ ನಿಯಮಗಳು ಬಂದವು, ಬದಲಾದವು. 1994ರ ಏಪ್ರಿಲ್‌ನಿಂದ ಕಾರಿನ ಲಿಸ್ಟ್ ಬೆಲೆಯ ಶೇ. 35ರಷ್ಟನ್ನು ನೌಕರನ ಆದಾಯಕ್ಕೆ ಸೇರಿಸುವ ಕ್ರಮ ಬಂತು. ಆದರೆ ಆಫೀಸಿನ ಕೆಲಸಕ್ಕೆ ವರ್ಷಕ್ಕೆ 2,500 ಮೈಲಿ ಓಡಿಸಿದರೆ ಅದರಲ್ಲಿ ಮೂರನೇ ಒಂದು ಭಾಗ ಕಡಿತ. 18,000 ಮೈಲಿ ಓಡಿಸಿದರೆ ಮೂರನೇ ಎರಡು ಭಾಗ ಕಡಿತ.

20,000 ಪೌಂಡಿನ ಕಾರು ಎಂದಿಟ್ಟುಕೊಳ್ಳಿ. ಕಡಿಮೆ ಓಡಿಸಿದವನ ಆದಾಯಕ್ಕೆ 7,000 ಪೌಂಡ್ ಸೇರುತ್ತದೆ. 18,000 ಮೈಲಿ ದಾಟಿದವನಿಗೆ ಸುಮಾರು 2,333 ಮಾತ್ರ. ಕೆಲಸಕ್ಕಾಗಿ ಹೆಚ್ಚು ಓಡಿಸುವವನಿಗೆ ಕಾರು ಸುಖವಸ್ತುವಲ್ಲ, ಉಪಕರಣ ಎನ್ನುವುದು ಇದರ ತರ್ಕ. ತರ್ಕ ಸರಿಯೇ. ಪರಿಣಾಮವೇನು? ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ನಗುತ್ತಾ ವಿವರಿಸಿದ್ದರು: ಮಾರ್ಚ್ ಬಂತೆಂದರೆ ಫೋನಿನಲ್ಲಿ ಮುಗಿಯುವ ಮೀಟಿಂಗಿಗೂ ಜನ ಇನ್ನೂರು ಮೈಲಿ ದೂರದ ಊರಿಗೆ ಕಾರಿನಲ್ಲೇ ಹೋಗುತ್ತಿದ್ದರಂತೆ. ಏಪ್ರಿಲ್ 5ಕ್ಕೆ ತೆರಿಗೆ ವರ್ಷ ಮುಗಿಯುವುದರೊಳಗೆ ಮೈಲಿ ತುಂಬಬೇಕಲ್ಲ! ಹೆಚ್ಚು ಪೆಟ್ರೋಲ್ ಸುಟ್ಟವನಿಗೆ ಖಜಾನೆಯೇ ರಿಯಾಯಿತಿ ಕೊಡುತ್ತಿತ್ತು.

ಗ್ರಾಂ ಲೆಕ್ಕ

1992ರ ರಿಯೊ ಶೃಂಗಸಭೆ, 1997ರ ಕ್ಯೋಟೊ ಒಪ್ಪಂದ ಇವುಗಳ ನಂತರ ಇಂಗಾಲದ ಮಾತು ಬಜೆಟ್ಟಿನೊಳಕ್ಕೆ ಬಂತು. 2001ರ ಮಾರ್ಚ್‌ನಿಂದ ಹೊಸ ಕಾರುಗಳ ವಾರ್ಷಿಕ ರಸ್ತೆ ತೆರಿಗೆಯನ್ನು, 2002ರ ಏಪ್ರಿಲ್‌ನಿಂದ ಕಂಪನಿ ಕಾರಿನ ತೆರಿಗೆಯನ್ನು ಪ್ರತಿ ಕಿಲೋಮೀಟರಿಗೆ ಎಷ್ಟು ಗ್ರಾಂ ಇಂಗಾಲದ ಡೈಆಕ್ಸೈಡ್ ಎಂಬುದರ ಮೇಲೆ ನಿಗದಿ ಮಾಡಿದರು. ಮೈಲಿ ರಿಯಾಯಿತಿ ಹೋಯಿತು. ಕಂಪನಿ ಕಾರಿಗೆ 165 ಗ್ರಾಂವರೆಗೆ ಲಿಸ್ಟ್ ಬೆಲೆಯ ಶೇ. 15, ಅಲ್ಲಿಂದ ಪ್ರತಿ 5 ಗ್ರಾಂಗೆ ಒಂದೊಂದು ಶೇಕಡಾ ಏರುತ್ತಾ ಗರಿಷ್ಠ 35. ಆ ಕಾಲಕ್ಕೆ ಇದು ನಿಜಕ್ಕೂ ಮುಂದಾಲೋಚನೆಯ ಕ್ರಮ.

ಫಲವೂ ಕಂಡಿತು. 2000ದಲ್ಲಿ ಬ್ರಿಟನ್ನಿನಲ್ಲಿ ಮಾರಾಟವಾದ ಹೊಸ ಕಾರುಗಳ ಸರಾಸರಿ ಕಿಲೋಮೀಟರಿಗೆ 181 ಗ್ರಾಂ ಇತ್ತು. 2016ರಲ್ಲಿ ಅದು 120ಕ್ಕೆ ಇಳಿಯಿತು. ಕಾಗದದ ಮೇಲೆ ಮೂರನೇ ಒಂದು ಭಾಗ ಕಡಿತ. ಯಾವ ಆಡಿಟರ್ ಆದರೂ ಬೆನ್ನು ತಟ್ಟಬೇಕಾದ ಅಂಕಿ.

ಆದರೆ ಅಷ್ಟಕ್ಕೇ ಪುಸ್ತಕ ಮುಚ್ಚುವಂತಿಲ್ಲ. ಡೀಸೆಲ್ ಎಂಜಿನ್ ಅದೇ ದೂರಕ್ಕೆ ಪೆಟ್ರೋಲಿಗಿಂತ ಕಡಿಮೆ ಇಂಗಾಲ ಬಿಡುತ್ತದೆ. ಆದರೆ ಎದೆಗೂಡಿಗೆ ಕೆಡುಕಾದ ನೈಟ್ರೋಜನ್ ಆಕ್ಸೈಡುಗಳನ್ನು ಹೆಚ್ಚು ಬಿಡುತ್ತದೆ. ತೆರಿಗೆ ಅಳೆದದ್ದು ಮುಖ್ಯವಾಗಿ ಮೊದಲನೆಯದನ್ನು. ಡೀಸೆಲ್ ಕಂಪನಿ ಕಾರಿಗೆ ಶೇ. 3 ಹೆಚ್ಚುವರಿ ಹಾಕಿದ್ದರೂ, ಗ್ರಾಂ ಉಳಿತಾಯದ ಮುಂದೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. 2000ದಲ್ಲಿ ಹೊಸ ಕಾರುಗಳಲ್ಲಿ ಡೀಸೆಲ್ ಪಾಲು ಸುಮಾರು ಶೇ. 14 ಇತ್ತು. 2012ರ ಹೊತ್ತಿಗೆ ಅರ್ಧ ದಾಟಿತ್ತು. 100 ಗ್ರಾಂ ಮತ್ತು ಅದಕ್ಕಿಂತ ಕಡಿಮೆಯ ಕಾರಿಗೆ ರಸ್ತೆ ತೆರಿಗೆ ಸೊನ್ನೆ ಎಂದಾಗ ಮಾರುಕಟ್ಟೆಯಲ್ಲಿ ಒಂದರ ಹಿಂದೆ ಒಂದು 99 ಗ್ರಾಂನ ಕಾರುಗಳು ಬಂದವು. ಸರ್ಕಾರ ಚಾಪೆಯ ಕೆಳಗೆ ತೂರಿದರೆ ತಯಾರಕರು ರಂಗೋಲಿಯ ಕೆಳಗೆ ತೂರಿದರು.

ಈ ಗ್ರಾಂ ಲೆಕ್ಕ ಪ್ರಯೋಗಾಲಯದ ರೋಲರಿನ ಮೇಲೆ ತೆಗೆದದ್ದು, ರಸ್ತೆಯ ಮೇಲಲ್ಲ. ಯುರೋಪಿನ ಕಾರುಗಳ ಬಗ್ಗೆ ಐಸಿಸಿಟಿ ಎಂಬ ಸಂಶೋಧನಾ ಸಂಸ್ಥೆ ವರ್ಷವರ್ಷವೂ ಹೋಲಿಸಿ ನೋಡಿತು. ಪರೀಕ್ಷೆಯ ಅಂಕಿಗೂ ರಸ್ತೆಯ ನಿಜ ಅಂಕಿಗೂ ನಡುವಿನ ಅಂತರ 2001ರಲ್ಲಿ ಶೇ. 10ರೊಳಗಿತ್ತು. 2015ರ ಹೊತ್ತಿಗೆ ಶೇ. 40 ದಾಟಿತ್ತು. ಅಂದರೆ ಇಳಿದ ಗ್ರಾಂಗಳಲ್ಲಿ ದೊಡ್ಡ ಪಾಲು ಕಾಗದದಲ್ಲಿ ಮಾತ್ರ ಇಳಿದಿತ್ತು.

ಇದೇ ಐಸಿಸಿಟಿಯ ನೆರವಿನಿಂದ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಚಿಕ್ಕ ತಂಡವೊಂದು 2013ರಲ್ಲಿ ಡೀಸೆಲ್ ಕಾರುಗಳ ಡಿಕ್ಕಿಯಲ್ಲಿ ಹೊಗೆ ಅಳೆಯುವ ಯಂತ್ರವಿಟ್ಟು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿತು. ಫೋಕ್ಸ್‌ವ್ಯಾಗನ್ ಕಾರುಗಳ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ ಹಲವು ಪಟ್ಟು ಹೆಚ್ಚಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಕಾರಿನೊಳಗಿದೆ ಎಂಬುದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಅಂಥ ಕಾರುಗಳು 1 ಕೋಟಿ 10 ಲಕ್ಷ. ಆ ತಂಡದ ವಿದ್ಯಾರ್ಥಿಗಳಲ್ಲಿ ಒಬ್ಬರು ಬೆಂಗಳೂರಿನ ಹೇಮಂತ್ ಕಪ್ಪಣ್ಣ. ದೊಡ್ಡ ಕಂಪನಿಯ ಅಂಕಿಯನ್ನು ನಂಬದೆ ತಾವೇ ಹೋಗಿ ಅಳೆದು ನೋಡಿದ ಈ ಹುಡುಗರನ್ನು ನೆನೆದರೆ ನನ್ನಂಥ ಆಡಿಟರಿಗೆ ಹೆಮ್ಮೆ.

ಈಗ ಒಂದು ಕಹಿ ಮಾತು. 2008ರಲ್ಲಿ ಸರ್ಕಾರದ ಮಾತು ಕೇಳಿ, ಪರಿಸರಕ್ಕೆ ಒಳ್ಳೆಯದೆಂದು ಡೀಸೆಲ್ ಕಾರು ಕೊಂಡವರ ಗತಿ ಏನಾಯಿತು? 2019ರಲ್ಲಿ ಮಧ್ಯ ಲಂಡನ್ನಿನಲ್ಲಿ ಶುರುವಾದ ಯುಲೆಜ್ 2023ರ ಆಗಸ್ಟ್ 29ರಂದು ಇಡೀ ಲಂಡನ್ನಿಗೆ ಹರಡಿತು. ಹಳೆಯ ಡೀಸೆಲ್‌ಗೆ ದಿನಕ್ಕೆ 12.50 ಪೌಂಡ್. ಗಾಳಿ ಶುದ್ಧವಾಗಬೇಕಾದ್ದು ನಿಜ. ಆದರೆ ತಪ್ಪು ಅಳತೆಗೆ ದಂಡ ಕಟ್ಟಿದವರು ಅಳತೆ ಹಾಕಿದವರಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿಲ್ಲದ ಹೊತ್ತಿನಲ್ಲಿ ಹಳೆಯ ಕಾರಿನಲ್ಲಿ ಮನೆಗೆ ಬರುವ ಕೇರ್ ವರ್ಕರ್, ನರ್ಸ್, ಉಗ್ರಾಣದ ನೌಕರ. ಅವರಲ್ಲಿ ನಮ್ಮವರೂ ಇದ್ದಾರೆ.

ಲಂಡನ್ನಿನ ಗೆರೆ ಮತ್ತು ಬೆಂಗಳೂರಿನ ಕಾರು

2003ರ ಫೆಬ್ರುವರಿ 17ರಂದು ಮೇಯರ್ ಕೆನ್ ಲಿವಿಂಗ್‌ಸ್ಟನ್ ಮಧ್ಯ ಲಂಡನ್ನಿನ ಸುತ್ತ ಒಂದು ಗೆರೆ ಎಳೆದು, ಹಗಲಲ್ಲಿ ಕಾರು ಒಳಗೆ ತಂದರೆ ದಿನಕ್ಕೆ 5 ಪೌಂಡ್ ಎಂದರು. ಇದು ಇಂಗಾಲಕ್ಕಾಗಿ ಬಂದದ್ದಲ್ಲ, ದಟ್ಟಣೆಗಾಗಿ ಬಂದದ್ದು. ಆದರೆ ಇದು ಕೇಳಿದ ಪ್ರಶ್ನೆಯೇ ಬೇರೆ. ಹಿಂದಿನ ತೆರಿಗೆಗಳು "ನಿನ್ನ ಕಾರು ಯಾವುದು?" ಎಂದು ಕೇಳುತ್ತಿದ್ದವು. ಇದು "ಇವತ್ತು ಕಾರು ತೆಗೆಯಲೇಬೇಕಾ?" ಎಂದು ಕೇಳಿತು. ಮೊದಲ ವರ್ಷಗಳಲ್ಲಿ ಒಳಗೆ ಬರುವ ನಾಲ್ಕು ಚಕ್ರದ ವಾಹನಗಳು ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದವು. ಉಳಿದ ಹಣ ಸಾರಿಗೆಗೇ ಹೋಗಬೇಕೆಂದು ಕಾನೂನಿತ್ತು. ಬಸ್ಸುಗಳು ಹೆಚ್ಚಿದವು.

ನಮ್ಮ ಊರಿನ ಪ್ರವೇಶವಾಗುವುದು ಇಲ್ಲೇ. ಚೇತನ್ ಮೈನಿ ಅವರ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು 2001ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ನಾನು ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ಅಪರೂಪಕ್ಕೊಮ್ಮೆ ಸಿಗ್ನಲ್ಲಿನಲ್ಲಿ ಸದ್ದಿಲ್ಲದೆ ನಿಂತ ರೇವಾ ಕಂಡರೆ ಆಟೋದವರೂ ಬಗ್ಗಿ ನೋಡುತ್ತಿದ್ದರು. ತವರಿನಲ್ಲಿ ಅದು ಹೆಚ್ಚು ಮಾರಾಟವಾಗಲಿಲ್ಲ. 2004ರಿಂದ ಅದೇ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಬಂತು. ಕಾನೂನಿನ ಪ್ರಕಾರ ಅದು ಕಾರೇ ಅಲ್ಲ, ಕ್ವಾಡ್ರಿಸೈಕಲ್. ಟಿವಿಯವರು ಗೇಲಿ ಮಾಡಿದರು, ಅದರ ಸುರಕ್ಷತೆಯ ಬಗ್ಗೆ ಗಂಭೀರ ಪ್ರಶ್ನೆಗಳೂ ಎದ್ದವು. ಆದರೂ ಜನ ಕೊಂಡರು. ಏಕೆಂದರೆ ಅದಕ್ಕೆ ದಟ್ಟಣೆ ಶುಲ್ಕ ಇರಲಿಲ್ಲ. ಬೊಮ್ಮಸಂದ್ರದಲ್ಲಿ ತಯಾರಾದ ಗಾಡಿಗೆ ಮಾರುಕಟ್ಟೆ ಹುಟ್ಟಿಸಿದ್ದು ಲಂಡನ್ನಿನ ಒಂದು ವಿನಾಯಿತಿ. 2010ರಲ್ಲಿ ಆ ಕಂಪನಿ ಮಹೀಂದ್ರಾ ಪಾಲಾಯಿತು.

ಆ ವಿನಾಯಿತಿಯ ಮುಂದಿನ ಚರಿತ್ರೆಯನ್ನೂ ನೋಡಿ. 2011ರಲ್ಲಿ 100 ಗ್ರಾಂವರೆಗಿನ ಕಾರುಗಳಿಗೂ ಅದನ್ನು ಕೊಟ್ಟರು. 99 ಗ್ರಾಂನ ಡೀಸೆಲ್‌ಗಳು ಗೆರೆಯೊಳಗೆ ನುಗ್ಗತೊಡಗಿದವು. 2013ರಲ್ಲಿ ಮಿತಿಯನ್ನು 75 ಗ್ರಾಂಗೆ ಇಳಿಸಿದರು. ಪ್ಲಗ್-ಇನ್ ಹೈಬ್ರಿಡ್‌ಗಳು ಬಂದವು. ಕಂಪನಿ ಕಾರಾಗಿ ಅವುಗಳನ್ನು ಪಡೆದ ಕೆಲವರು ವಾಪಸ್ ಕೊಡುವಾಗ ಚಾರ್ಜಿಂಗ್ ಕೇಬಲ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತೆಂದು 2018ರ ಸುಮಾರಿಗೆ ಸುದ್ದಿಯಾಯಿತು. 2021ರಿಂದ ಪೂರ್ತಿ ವಿದ್ಯುತ್ ಕಾರಿಗೆ ಮಾತ್ರ ವಿನಾಯಿತಿ ಎಂದರು. ಅವೂ ರಸ್ತೆ ತುಂಬಿದವು. 2025ರ ಡಿಸೆಂಬರಿನಲ್ಲಿ ಪೂರ್ಣ ವಿನಾಯಿತಿಯೇ ಕೊನೆಗೊಂಡಿತು. ವಿದ್ಯುತ್ ಕಾರು ಹೊಗೆ ಬಿಡುವುದಿಲ್ಲ, ಆದರೆ ಜಾಗ ಹಿಡಿಯುತ್ತದೆ.

ಲೀಟರ್ ಎಂಬ ನೇರ ಲೆಕ್ಕ

ಇಷ್ಟೆಲ್ಲ ಅಳತೆಗಳ ನಡುವೆ ಮೋಸ ಮಾಡಲಾಗದ ಒಂದು ಅಳತೆ ಮೊದಲಿನಿಂದಲೂ ಕಣ್ಣೆದುರಿಗೇ ಇತ್ತು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕೆಜಿ. ಸುಟ್ಟಾಗ ಗಾಳಿಯ ಆಮ್ಲಜನಕ ಸೇರಿ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಯಾವ ಕಾರು, ಯಾರು ಓಡಿಸಿದರು, ಪ್ರಯೋಗಾಲಯವೋ ರಸ್ತೆಯೋ, ಲೆಕ್ಕ ಒಂದೇ. ಲೀಟರಿನ ಮೇಲಿನ ತೆರಿಗೆ ಎಂದರೆ ಹೆಚ್ಚುಕಡಿಮೆ ಇಂಗಾಲದ ಮೇಲಿನ ತೆರಿಗೆಯೇ.

ಬ್ರಿಟನ್ ಇದನ್ನೂ ಮಾಡಿ ನೋಡಿತು. ರಿಯೊ ನಂತರ, 1993ರಲ್ಲಿ ನಾರ್ಮನ್ ಲಾಮಂಟ್ ಇಂಧನ ಸುಂಕವನ್ನು ಪ್ರತಿ ವರ್ಷ ಹಣದುಬ್ಬರಕ್ಕಿಂತ ಶೇ. 3 ಹೆಚ್ಚು ಏರಿಸುವುದಾಗಿ ಘೋಷಿಸಿದರು. ಕೆನೆತ್ ಕ್ಲಾರ್ಕ್ ಅದನ್ನು 5 ಮಾಡಿದರು, 1997ರಲ್ಲಿ ಗಾರ್ಡನ್ ಬ್ರೌನ್ 6 ಮಾಡಿದರು. ಎರಡೂ ಪಕ್ಷಗಳು ಒಪ್ಪಿ ನಡೆಸಿದ ಕ್ರಮ ಇದು. 1999ರ ಕೊನೆಗೆ ಆ ನಿಯಮ ಕೈಬಿಟ್ಟರು. ಮರುವರ್ಷ ಸೆಪ್ಟೆಂಬರಿನಲ್ಲಿ ಲಾರಿಯವರು, ರೈತರು ತೈಲಾಗಾರಗಳ ಮುಂದೆ ಅಡ್ಡಗಟ್ಟಿ ಕೂತರು. ಕೆಲವೇ ದಿನಗಳಲ್ಲಿ ಪಂಪುಗಳು ಬರಿದಾದವು. ಆ ವಾರದ ಭಯ ಇಂದಿಗೂ ಹಣಕಾಸು ಸಚಿವರನ್ನು ಬಿಟ್ಟಿಲ್ಲ. 2011ರಲ್ಲಿ ಲೀಟರಿಗೆ 57.95 ಪೆನ್ಸ್‌ಗೆ ನಿಂತ ಸುಂಕ ಮತ್ತೆ ಏರಲಿಲ್ಲ. 2022ರಲ್ಲಿ 5 ಪೆನ್ಸ್ ಇಳಿಯಿತು. ಹಾಲು, ಬ್ರೆಡ್ಡು, ರೈಲು ಟಿಕೆಟ್ಟು ಎಲ್ಲದರ ಬೆಲೆಯೂ ಏರಿದ ವರ್ಷಗಳಲ್ಲಿ ಈ ಒಂದು ಅಂಕಿ ಮಾತ್ರ ಏರಲಿಲ್ಲ.

ಒಟ್ಟು ತಾಳೆಪಟ್ಟಿ ಹೀಗಿದೆ: 1990ರಿಂದ ಈಚೆಗೆ ಬ್ರಿಟನ್ನಿನ ವಿದ್ಯುತ್ ಉತ್ಪಾದನೆಯ ಹೊರಸೂಸುವಿಕೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ. 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ಸ್ಥಾವರವೂ ಮುಚ್ಚಿತು. ಸಾರಿಗೆಯ ಹೊರಸೂಸುವಿಕೆ ಮಾತ್ರ 2019ರಲ್ಲೂ 1990ರಷ್ಟೇ ಎನ್ನುವಷ್ಟು ಹತ್ತಿರವಿತ್ತು. ಇಂದು ದೇಶದ ಅತಿ ದೊಡ್ಡ ಪಾಲು ಅದರದ್ದೇ. ಕಾರುಗಳು ಚೊಕ್ಕಟವಾದವು. ಜೊತೆಗೆ ದೊಡ್ಡವೂ ಆದವು, ಹೆಚ್ಚೂ ಓಡಿದವು.

ನಮ್ಮ ಮುಂದಿನ ಲೆಕ್ಕ

ಈಗ ಎಲೆಕ್ಟ್ರಿಕ್ ಕಾರಿನ ಸರದಿ. ಕಂಪನಿ ಕಾರಾಗಿ ತೆಗೆದುಕೊಂಡರೆ 2020-21ರಲ್ಲಿ ತೆರಿಗೆ ಸೊನ್ನೆ ಇತ್ತು. 2025-26ರಲ್ಲಿ ಲಿಸ್ಟ್ ಬೆಲೆಯ ಶೇ. 3 ಇತ್ತು. 40,000 ಪೌಂಡಿನ ಕಾರಿಗೆ ಶೇ. 40ರ ದರದವನು ಆ ವರ್ಷ ಕಟ್ಟಬೇಕಿದ್ದುದು 480 ಪೌಂಡ್. ಗಮನಿಸಿ, ಈ ರಿಯಾಯಿತಿ ಸಿಗುವುದು ಕಂಪನಿ ಯೋಜನೆ ಇರುವ, ಹೆಚ್ಚು ತೆರಿಗೆ ಕಟ್ಟುವ ನಮ್ಮಂಥವರಿಗೆ. ಕನಿಷ್ಠ ವೇತನದ ಕೇರ್ ವರ್ಕರಿಗೆ ಅಲ್ಲ. ಕಲ್ಲಿದ್ದಲಿಲ್ಲದ ಈ ದೇಶದಲ್ಲಿ ವಿದ್ಯುತ್ ಕಾರು ಇಂಗಾಲವನ್ನು ನಿಜವಾಗಿಯೂ ಇಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಲೀಟರೇ ಇಲ್ಲದಾಗ ಲೀಟರಿನ ತೆರಿಗೆಯೂ ಇಲ್ಲ. ಅದಕ್ಕಾಗಿಯೇ 2028ರ ಏಪ್ರಿಲ್‌ನಿಂದ ವಿದ್ಯುತ್ ಕಾರಿಗೆ ಮೈಲಿಗೆ 3 ಪೆನ್ಸ್ ಎಂದು 2025ರ ನವೆಂಬರ್ ಬಜೆಟ್ಟಿನಲ್ಲಿ ಪ್ರಕಟಿಸಿದ್ದಾರೆ. ಒಂದು ಕಾಲದಲ್ಲಿ ಹೆಚ್ಚು ಮೈಲಿಗೆ ರಿಯಾಯಿತಿ ಕೊಟ್ಟ ಖಜಾನೆ ಈಗ ಮೈಲಿ ಎಣಿಸಿ ತೆರಿಗೆ ಕೇಳಲಿದೆ. ಹೊಗೆ ಬಿಡುವ ಕಾರಿನ ಸುಂಕವನ್ನು ಅಲುಗಾಡಿಸದೆ, ಹೊಗೆ ಬಿಡದ ಕಾರಿಗೆ ಮಾತ್ರ ಮೈಲಿ ಲೆಕ್ಕ ಶುರುವಾದರೆ ಜನ ಯಾವ ಕಡೆ ವಾಲುತ್ತಾರೆ? ನೂರು ವರ್ಷದ ಈ ಕಥೆ ಕೇಳಿದ ಮೇಲೆ ನೀವೇ ಊಹಿಸಬಹುದು.

ಊರಿನಲ್ಲೂ ಪ್ರಶ್ನೆ ಇದೇ. ಕರ್ನಾಟಕದಲ್ಲಿ ಕಾರು ಕೊಳ್ಳುವಾಗ ಬೆಲೆಯ ಮೇಲೆ ಲೈಫ್‌ಟೈಮ್ ಟ್ಯಾಕ್ಸ್ ಒಮ್ಮೆ ಕಟ್ಟಿದರೆ ಮುಗಿಯಿತು. ವಿದ್ಯುತ್ ವಾಹನಗಳಿಗೆ ಬಹುಕಾಲ ಪೂರ್ತಿ ವಿನಾಯಿತಿ ಇತ್ತು. 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಶೇ. 10 ಹಾಕಿದರು. ಈ ತೆರಿಗೆಗೆ ಕಾರು ಗ್ಯಾರೇಜಿನಲ್ಲಿ ನಿಂತಿದೆಯೋ, ದಿನಾ ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಿದೆಯೋ ಗೊತ್ತಾಗುವುದಿಲ್ಲ. ಕಟ್ಟಿದವನ ಮನಸ್ಸಿನಲ್ಲೂ "ದುಡ್ಡು ಕೊಟ್ಟಾಗಿದೆ, ಓಡಿಸೋಣ" ಎಂದೇ ಇರುತ್ತದೆ. ಬೆಂಗಳೂರಿಗೂ ದಟ್ಟಣೆ ಶುಲ್ಕ ಬೇಕೆಂಬ ಮಾತು ಆಗಾಗ ಏಳುತ್ತದೆ, ಅಡಗುತ್ತದೆ. ಅದು ಮತ್ತೆ ಎದ್ದಾಗ ಊರಿನ ಬಂಧುಗಳು "ನಿಮ್ಮ ಲಂಡನ್ನಿನಲ್ಲಿ ಹೇಗೆ?" ಎಂದು ನಮ್ಮನ್ನು ಕೇಳುತ್ತಾರೆ. ಆಗ ಕ್ಯಾಮೆರಾಗಳ ಕಥೆ ಮಾತ್ರ ಹೇಳಬೇಡಿ. ಆ ಹಣ ಸಾರಿಗೆಗೇ ಹೋಗಬೇಕೆಂದು ಮೊದಲೇ ಕಾನೂನು ಬರೆದಿಟ್ಟಿದ್ದರು ಎಂಬುದನ್ನೂ ಹೇಳಿ.

ನನ್ನ ಕೋರಿಕೆ ಒಂದೇ. ನಮ್ಮಲ್ಲಿ ಕೌನ್ಸಿಲರುಗಳಿದ್ದಾರೆ, ಯೂನಿಯನ್ ಪ್ರತಿನಿಧಿಗಳಿದ್ದಾರೆ, ಕಂಪನಿಗಳ ಎಚ್‌ಆರ್‌ನಲ್ಲಿ ಇರುವವರಿದ್ದಾರೆ, ಮತದಾರರಂತೂ ಎಲ್ಲರೂ. ಸರ್ಕಾರ ಹೊಸ ನಿಯಮದ ಬಗ್ಗೆ ಅಭಿಪ್ರಾಯ ಕೇಳಿದಾಗ ಆ ಕಡತವನ್ನು ನಮ್ಮಂಥ ಅಕೌಂಟೆಂಟುಗಳಿಗೆ ಬಿಟ್ಟು ಸುಮ್ಮನಾಗಬೇಡಿ. ನಾವು ರಂಗೋಲಿಯ ಕೆಳಗಿನ ದಾರಿ ಹುಡುಕಿಕೊಡುವುದರಲ್ಲಿ ನಿಸ್ಸೀಮರು. ನೀವು ಮೂರು ಪ್ರಶ್ನೆ ಕೇಳಿ: ಇದು ಅಳೆಯುತ್ತಿರುವುದು ಏನನ್ನು? ಅಳೆಯದೆ ಬಿಟ್ಟಿರುವುದು ಏನನ್ನು? ನಾಳೆ ಅಳತೆ ಬದಲಾದರೆ ದಂಡ ಕಟ್ಟುವವರು ಯಾರು? ಈ ಮೂರಕ್ಕೂ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.